ಅಳಬೇಕಾದ ಜಾಗದಲ್ಲಿ ನಗಿಸುವ ಆತ್ಮಕಥೆಗಳು: ನೀವು ಯಾವುದನ್ನು ಓದಿದ್ದೀರಿ?

ಕಪಾಟಿನ ಒಡತಿ

ಒಂದು ಬಗೆಯ ಪುಸ್ತಕಗಳನ್ನು ಹುಡುಕುತ್ತಿದ್ದೇನೆ. ಅದರಲ್ಲಿ ಮನೆ ಇರಬೇಕು, ಸಂಸಾರ ಇರಬೇಕು, ನೆಂಟರಿಷ್ಟರು ಇರಬೇಕು. ಬರೆದವರ ಬದುಕು ಒಮ್ಮೆಯಾದರೂ ಬುಡಮೇಲಾಗಿರಬೇಕು. ಸಾವೋ ಸಾಲವೋ ಕಾಯಿಲೆಯೋ, ಊರು ಬಿಟ್ಟದ್ದೋ ಗಂಡ ಬಿಟ್ಟದ್ದೋ, ಯಾವುದಾದರೂ ಸರಿ. ಆದರೂ ಓದುವಾಗ ನಗು ತಡೆಯಲಾಗಬಾರದು. ಹರಟೆಗಳ ಸಂಕಲನ ಬೇಡ, ಅವು ನನ್ನಲ್ಲಿ ಬೇಕಾದಷ್ಟಿವೆ. ನಗಿಸಲೆಂದೇ ಕುಳಿತು ಬರೆದದ್ದು ಬೇರೆ, ಬದುಕನ್ನು ಹೇಳಿಕೊಳ್ಳುತ್ತ ಹೋದಂತೆ ನಗು ತಾನಾಗಿ ಉಕ್ಕಿದ್ದು ಬೇರೆ.

ನಮ್ಮಲ್ಲಿ ಬಹುಪಾಲು ಆತ್ಮಕಥೆಗಳ ಮೊದಲ ಐವತ್ತು ಪುಟ ವಂಶಾವಳಿ, ಕೊನೆಯ ಐವತ್ತು ಪುಟ ಸನ್ಮಾನಗಳ ಪಟ್ಟಿ. ನಡುವೆ ಎಲ್ಲೋ ಹೆಂಡತಿ 'ಸಹಧರ್ಮಿಣಿ' ಎಂಬ ಹೆಸರಿನಲ್ಲಿ ಒಂದು ಪ್ಯಾರಾಕ್ಕೆ ಬಂದು, ಕಾಫಿ ಕೊಟ್ಟು, ಒಳಗೆ ಹೋಗಿಬಿಡುತ್ತಾರೆ. ಮತ್ತೆ ಕಾಣುವುದು ಅರ್ಪಣೆಯ ಪುಟದಲ್ಲೇ.

ನನ್ನ ಪಟ್ಟಿಯಲ್ಲಿ ಸದ್ಯಕ್ಕೆ ಇರುವುದು ಸಿದ್ಧಲಿಂಗಯ್ಯನವರ 'ಊರುಕೇರಿ' ಮತ್ತು ಪೂರ್ಣಚಂದ್ರ ತೇಜಸ್ವಿಯವರ 'ಅಣ್ಣನ ನೆನಪು'. ನಿಮ್ಮದನ್ನು ಹೇಳಿ. ಬರೀ ಹೆಸರು ಹಾಕಿ ಹೋಗಬೇಡಿ, ಏಕೆ ಎಂಬುದನ್ನೂ ಬರೆಯಿರಿ.

ಹಳೇ ಪೋಸ್ಟ್‌ಮಾಸ್ತರ

ಬೀಚಿಯವರ 'ನನ್ನ ಭಯಾಗ್ರಫಿ'. ನಾನು ಬಳ್ಳಾರಿ ಸೀಮೆಯವನು, ಆದ್ದರಿಂದ ಪಕ್ಷಪಾತ ಇದ್ದೇ ಇದೆ, ಮೊದಲೇ ಹೇಳಿಬಿಡುತ್ತೇನೆ.

ತಿಂಮನ ಜೋಕುಗಳನ್ನು ಬೆಳಗಾದರೆ ವಾಟ್ಸಾಪ್‌ನಲ್ಲಿ ಕಳಿಸುವ ಎಷ್ಟೋ ಜನಕ್ಕೆ ಆ ಮನುಷ್ಯನ ಬಾಲ್ಯ ಹೇಗಿತ್ತು ಎಂಬುದೇ ಗೊತ್ತಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ಬಡತನ, ಬಂಧುಗಳ ಹಂಗು, ಆಮೇಲೆ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ. ಕನ್ನಡ ಪುಸ್ತಕ ಎಂದರೆ ಮೂಗು ಮುರಿಯುತ್ತಿದ್ದವರು ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಕನ್ನಡಕ್ಕೆ ಬಂದರು, ಬಂದವರು ಮತ್ತೆ ಹೊರಗೆ ಹೋಗಲಿಲ್ಲ. ಇಷ್ಟು ಸರಂಜಾಮು ಸಿಕ್ಕಿದ್ದರೆ ಬೇರೆ ಯಾರಾದರೂ ಮುನ್ನೂರು ಪುಟ ಕಣ್ಣೀರು ಸುರಿಸಬಹುದಿತ್ತು. ಬೀಚಿ ತಮ್ಮ ದುರದೃಷ್ಟವನ್ನು ಪಕ್ಕದ ಮನೆಯವನ ದುರದೃಷ್ಟದಂತೆ ನೋಡಿ ಬರೆಯುತ್ತಾರೆ. ನೆರೆಮನೆಯವನ ಕಷ್ಟಕ್ಕೆ ನಾವು ನಗುವುದು ಸುಲಭ ತಾನೇ? ಆ ಸೌಲಭ್ಯವನ್ನು ಅವರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು.

ತುಂಗಾತೀರ

'ಅಣ್ಣನ ನೆನಪು' ನಿಮ್ಮ ಪಟ್ಟಿಯಲ್ಲಿ ಆಗಲೇ ಇರುವುದು ಸಂತೋಷ. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಪತ್ರಿಕೆ ಯಾರು ಮೊದಲು ಓದಬೇಕು ಎಂದು ಜಗಳವಾಗುತ್ತಿತ್ತು. ಅಲ್ಲಿಯವರೆಗೆ ಕುವೆಂಪು ಎಂದರೆ ನಮಗೆ ಪಠ್ಯಪುಸ್ತಕದ ಚಿತ್ರ. ಈ ಪುಸ್ತಕದಲ್ಲಿ ಅವರು ಮೈಸೂರಿನ 'ಉದಯರವಿ' ಮನೆಯೊಳಗಿನ ಅಪ್ಪ. ಪಾಠಕ್ಕಿಂತ ಕಾಡು, ಸಂಗೀತ, ಕ್ಯಾಮೆರಾಗಳ ಹುಚ್ಚು ಹೆಚ್ಚಾಗಿರುವ ಮಗನನ್ನು ಕಟ್ಟಿಕೊಂಡು ಏನು ಮಾಡಬೇಕೆಂದು ತೋಚದ, ಆದರೂ ಗದರದ ಅಪ್ಪ. ಮಹಾಕವಿಯನ್ನು ಪೀಠದಿಂದ ಇಳಿಸಿದ್ದಾರೆ ಎಂದು ಕೆಲವರು ಆಗ ಗೊಣಗಿದ್ದೂ ಉಂಟು. ಪೀಠದ ಮೇಲೆ ಕುಳಿತವರನ್ನು ನೋಡಿ ಯಾರಾದರೂ ನಗಲು ಸಾಧ್ಯವೇ?

ಆದರೆ ಒಡತಿಯವರೇ, ನಿಮ್ಮ ಷರತ್ತಿನ ಎರಡನೆಯ ಭಾಗ, ಬದುಕು ಬುಡಮೇಲಾಗುವುದು, ಅದರಲ್ಲಿ ಎಲ್ಲಿದೆ? ನನಗೆ ಕಂಡಂತೆ ಅದು ಇರುವುದು ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ'ಯಲ್ಲಿ. ತತ್ತ್ವಶಾಸ್ತ್ರ ಓದಿದ ಬೆಂಗಳೂರಿನ ಹುಡುಗಿ 1966ರಲ್ಲಿ ಮಂತ್ರಮಾಂಗಲ್ಯದ ಮದುವೆಯಾಗಿ ಮೂಡಿಗೆರೆ ಬಳಿಯ ಕಾಫಿ ತೋಟಕ್ಕೆ ಬರುತ್ತಾರೆ. ಅಲ್ಲಿಂದ ಮುಂದಿನ ಸಂಸಾರವನ್ನು ಅವರು ಹೇಳುವ ರೀತಿಯಲ್ಲಿ ಒಂದು ತುಂಟತನವಿದೆ. ಗಂಡನನ್ನು ಮೆಚ್ಚುತ್ತಲೇ ಕಿವಿ ಹಿಂಡುತ್ತಾರೆ. ತೇಜಸ್ವಿಯವರ ಬರಹದಲ್ಲಿ ಸಾಹಸವಾಗಿ ಕಾಣುವುದು ಇವರ ಬರಹದಲ್ಲಿ ಹಲವು ಸಲ 'ಊಟಕ್ಕೆ ಎಷ್ಟು ಜನ' ಎಂಬ ಲೆಕ್ಕವಾಗುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು.

ಪುಟ್ಟಕೋಗಿಲೆ

ಇವುಗಳ ಪಿಡಿಎಫ್ ಯಾರ ಬಳಿಯಾದರೂ ಇದೆಯೇ?

ನಿರ್ವಾಹಕರು

ಇಲ್ಲಿ ಪಿಡಿಎಫ್ ಕೇಳುವಂತಿಲ್ಲ, ಕೊಡುವಂತಿಲ್ಲ. ಸಾಲದ ಬಗ್ಗೆ ನಗುತ್ತ ಬರೆದವರ ಮನೆಯಲ್ಲೂ ಸಾಲ ನಿಜವಾಗಿಯೇ ಇರುತ್ತದೆ. ಗ್ರಂಥಾಲಯಕ್ಕೆ ಹೋಗಿ.

ಸೊಸೆಮುದ್ದು

ತುಂಗಾತೀರ ಅವರು ಬಾಗಿಲು ತೆರೆದಿದ್ದಾರೆ, ನಾನು ಒಳಗೆ ನುಗ್ಗುತ್ತೇನೆ.

ನಗೆಯ ಆತ್ಮಕಥೆ ಎಂದು ಹೊಗಳುವ ಮೊದಲು ಕೇಳಬೇಕಾದ ಪ್ರಶ್ನೆ: ಯಾರನ್ನು ನೋಡಿ ನಗುತ್ತಿದ್ದೀರಿ? ಕನ್ನಡ ಹಾಸ್ಯದಲ್ಲಿ ಅರ್ಧ ಭಾಗ ಹೆಂಡತಿಯ ಸೀರೆಯ ಆಸೆ, ಅತ್ತೆಯ ಬಾಯಿ, ನಾದಿನಿಯ ಮೂಗು. ಬರೆದವನು ಮನೆಯ ಯಜಮಾನ. ನಗೆಪಾಟಲಾದವರು ಅಡುಗೆಮನೆಯಲ್ಲಿದ್ದಾರೆ, ಅವರ ಕೈಯಲ್ಲಿ ಪೆನ್ನಿಲ್ಲ. ನೌಕರಿ ಬಿಟ್ಟೆ, ಪ್ರೆಸ್ ಹಾಕಿದೆ, ಕೈ ಸುಟ್ಟುಕೊಂಡೆ ಎಂದು ಗಂಡ ನಗುತ್ತ ಬರೆಯುವ ಪುಟದ ಹಿಂದೆ, ಮರುದಿನದ ಅಕ್ಕಿಗೆ ಯಾರ ಮನೆಗೆ ಹೋಗಬೇಕೆಂದು ಯೋಚಿಸುತ್ತ ಕುಳಿತ ಒಬ್ಬಳು ಇರುತ್ತಾಳೆ. ಅವಳಿಗೆ ಅದು ಹಾಸ್ಯವಾಗಿರಲಿಲ್ಲ.

ಲಂಕೇಶರ 'ಹುಳಿಮಾವಿನ ಮರ' ಓದಿದವರು ಇಂದಿರಾ ಲಂಕೇಶರ 'ಹುಳಿಮಾವು ಮತ್ತು ನಾನು' ಓದಲೇಬೇಕೆಂದು ನಾನು ಹೇಳುವುದು ಇದಕ್ಕೇ. ಅದೇ ಮನೆ, ಅದೇ ವರ್ಷಗಳು. ಆದರೆ ಸೀರೆ ವ್ಯಾಪಾರ ಮಾಡಿ ಮನೆ ನಿಭಾಯಿಸಿದವರ ಕಣ್ಣಿನಿಂದ ನೋಡಿದರೆ ಮನೆಯ ನಕ್ಷೆಯೇ ಬೇರೆ. ಅದು ನಗೆಯ ಪುಸ್ತಕವಲ್ಲ, ಒಪ್ಪುತ್ತೇನೆ. ಆದರೂ ಗಂಡನ ದೊಡ್ಡಸ್ತಿಕೆಯನ್ನು ಗಾಂಭೀರ್ಯ ಬಿಡದೆ ಒಂದೇ ಸಾಲಿನಲ್ಲಿ ಅಳೆದು ಇಡುವ ಕಡೆಗಳಲ್ಲಿ ನಾನು ಒಬ್ಬಳೇ ಕುಳಿತು ನಕ್ಕಿದ್ದೇನೆ.

ಹಳೇ ಪೋಸ್ಟ್‌ಮಾಸ್ತರ

ಸೊಸೆಮುದ್ದು ಅವರೇ, ಮಾತು ಖಾರವಾಗಿದೆ, ಆದರೆ ಹುಸಿಯಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ರಾಶಿಯವರು, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಆರಂಭಿಸಿದ 'ಕೊರವಂಜಿ' 25 ವರ್ಷ ನಡೆಯಿತು. ಅದರಲ್ಲಿ ಟಿ. ಸುನಂದಮ್ಮ ಎಂಬ ಗೃಹಿಣಿ ಬರೆಯುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನಡುಮನೆಯ ಯಜಮಾನನನ್ನು ನೋಡಿ ನಕ್ಕವರು ಅವರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಪೆನ್ನು ಅಡುಗೆಮನೆಗೆ ಹೋಗಿಯೇ ಇರಲಿಲ್ಲ ಎನ್ನಬೇಡಿ.

ಸೊಸೆಮುದ್ದು

ಒಪ್ಪಿದೆ ಮಾಸ್ತರೇ. ಆದರೆ ಸುನಂದಮ್ಮನವರ ಹೆಸರನ್ನು ಇಲ್ಲಿ ನೀವು ಬಿಟ್ಟರೆ ಇನ್ನು ಯಾರು ತೆಗೆದರು, ಎಣಿಸಿ ನೋಡಿ. ಮೂರು ತಲೆಮಾರು ನಕ್ಕು ಮರೆತಿತು.

ಕೇರಿಯ ಹುಡುಗ

'ಊರುಕೇರಿ'ಯನ್ನು ಜನ 'ಎಷ್ಟು ತಮಾಷೆಯಾಗಿದೆ' ಎಂದು ಹೊಗಳುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಹೊಗಳುವುದು ತಪ್ಪು ಎಂದಲ್ಲ. ಎಲ್ಲಿ ನಗುತ್ತಾರೆ ಎಂಬುದನ್ನು ನೋಡುತ್ತೇನೆ.

ಆ ಪುಸ್ತಕದ ಆರಂಭದಲ್ಲೇ ಬರುವ ಚಿತ್ರ ನೆನಪಿರಬೇಕು. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಒಬ್ಬ ಉಳುತ್ತಿದ್ದಾನೆ. ಎತ್ತಿನ ಜಾಗದಲ್ಲಿ ಮನುಷ್ಯರು ಹೋಗುವುದನ್ನು ಕಂಡ ಹುಡುಗನಿಗೆ ಅದು ಮೋಜು. ಆಮೇಲೆ, ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ತನ್ನ ಅಪ್ಪ ಎಂದು ತಿಳಿಯುತ್ತದೆ. ಸಿದ್ಧಲಿಂಗಯ್ಯ ಅಲ್ಲಿ ಭಾಷಣ ಮಾಡುವುದಿಲ್ಲ. ಎದೆಯಲ್ಲಿ ಏನೋ ಆಯಿತು ಎಂಬಷ್ಟಕ್ಕೆ ಬಿಟ್ಟು ಮುಂದೆ ನಡೆಯುತ್ತಾರೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ, ಅಲ್ಲಿಂದ ಹಾಸ್ಟೆಲ್ಲಿಗೆ, ಓದಿಗೆ ಸ್ಮಶಾನದ ಕಟ್ಟೆಗೆ. ಬೇರೆಯವರಿಗೆ ದೆವ್ವದ ಭಯವಿದ್ದ ಜಾಗ ಇವರಿಗೆ ಗಲಾಟೆಯಿಲ್ಲದ ಓದುವ ಕೋಣೆ. ನಗು ಬರುತ್ತದೆ, ಬರಲೇಬೇಕು. ಆದರೆ ಮನೆಯಲ್ಲಿ ಕೂರಲು ಜಾಗವಿಲ್ಲದವನೇ ಸ್ಮಶಾನಕ್ಕೆ ಓದಲು ಹೋಗುವುದು ಎಂಬುದು ನಗುವಿನ ಹಿಂದೆಯೇ ಬಂದು ನಿಲ್ಲಬೇಕು.

ನಮ್ಮ ಹಾಸ್ಟೆಲ್ಲಿನಲ್ಲಿ ಈ ಪುಸ್ತಕದ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. 1975ರಲ್ಲಿ 'ಹೊಲೆಮಾದಿಗರ ಹಾಡು' ಬರೆದ ಕವಿ, ಕೋಪವನ್ನೇ ಕನ್ನಡಕ್ಕೆ ಕಲಿಸಿದವರು, ಆತ್ಮಕಥೆಯಲ್ಲಿ ಹೀಗೆ ನಗಿಸಿದರೆ ಹೇಗೆ? ಕೋಪ ಎಲ್ಲಿ ಹೋಯಿತು? ಇದು ಒಂದು ಗುಂಪಿನ ವಾದ. ಇನ್ನೊಂದು ಗುಂಪಿಗೆ ಡಿ. ಆರ್. ನಾಗರಾಜರು ಆ ಪುಸ್ತಕದ ಬಗ್ಗೆ ಬರೆದ 'ಬಡವರ ನಗುವಿನ ಶಕ್ತಿ' ಎಂಬ ಲೇಖನವೇ ಆಯುಧ. ನನ್ನನ್ನು ಕೇಳಿದರೆ, ಊರಿನ ದೊಡ್ಡವರು ನಮ್ಮ ಕೋಪಕ್ಕೆ ಹೆದರುವುದಕ್ಕಿಂತ ನಮ್ಮ ನಗುವಿಗೆ ಹೆಚ್ಚು ಹೆದರುತ್ತಾರೆ. ಕೋಪಕ್ಕೆ ಪೊಲೀಸರನ್ನು ಕರೆಯಬಹುದು. ನಗುವಿಗೆ ಯಾರನ್ನು ಕರೆಯುತ್ತಾರೆ?

ರಜೆಯಲ್ಲಿ ಊರಿಗೆ ಹೋದಾಗ ನಮ್ಮ ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿದೆ. ಅವರಿಗೆ ಅಕ್ಷರ ಬಾರದು. ನಾನು ಗಂಟಲು ಕಟ್ಟಿ ನಿಲ್ಲಿಸಿದ ಕಡೆ ಅವರು ಗಹಗಹಿಸಿ ನಕ್ಕು 'ಮುಂದೆ ಓದು' ಎಂದರು. ನಾನು ನಕ್ಕ ಕಡೆಗಳಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನೆ ಕುಳಿತಿದ್ದರು.

ಕಪಾಟಿನ ಒಡತಿ

ಹುಡುಗ ಅವರೇ, ನಿಮ್ಮ ದೊಡ್ಡಪ್ಪ ಎಲ್ಲೆಲ್ಲಿ ನಕ್ಕರು ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿದ್ದೀರಾ? ಹಾಕಿಲ್ಲದಿದ್ದರೆ ಇನ್ನೊಮ್ಮೆ ಓದಿ ಹೇಳಿ, ಗುರುತು ಹಾಕಿ. ಆ ಪ್ರತಿ ನನಗೆ ಬೇಕು.

ಭೀಮಾತೀರ

ಕನ್ನಡದಾಚೆಗೆ ಹೋಗಬಹುದಾದರೆ ನನ್ನ ಆಯ್ಕೆ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ'. ನಾನು ಸೊಲ್ಲಾಪುರದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಈ ಪುಸ್ತಕ ಒಂದಕ್ಕಾಗಿ ಮರಾಠಿ ಕಲಿತರೂ ನಷ್ಟವಿಲ್ಲ. ಮರಾಠಿ ಬಾರದವರಿಗೆ ಶಾಂತಾ ಗೋಖಲೆಯವರು 2017ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವಿದೆ.

ಒಡತಿಯವರ ಷರತ್ತುಗಳನ್ನು ಈಕೆ ನೂರು ವರ್ಷ ಮೊದಲೇ ಕೇಳಿಸಿಕೊಂಡಿದ್ದರೇನೋ ಎನ್ನಿಸುತ್ತದೆ. ಹುಟ್ಟಿದ್ದು 1868ರಲ್ಲಿ, ನಾಸಿಕದ ಕಡೆ. ತಂದೆಗೆ ಮಡಿಯ ಹುಚ್ಚು. 1857ರ ದಂಗೆಯ ಬಳಿಕ ಮಾವನನ್ನು ಗಲ್ಲಿಗೇರಿಸಿದ್ದೇ ತಲೆಗೆ ಹತ್ತಿ, ಲೋಕವೆಲ್ಲ ಮೈಲಿಗೆಯಾಗಿ ಕಂಡಿತು. ಪೇಟೆಯಿಂದ ಬಂದ ಕಾಳುಕಡ್ಡಿಯನ್ನು ತೊಳೆಯದೆ ಒಳಗೆ ತರುವಂತಿಲ್ಲ. ತೊಳೆಯುವವರು ಮನೆಯ ಹೆಂಗಸರು ಮಕ್ಕಳು. ಹನ್ನೊಂದನೆಯ ವಯಸ್ಸಿಗೆ ಮದುವೆ. ಗಂಡ ನಾರಾಯಣ ವಾಮನ ಟಿಳಕರು ಕವಿ, ಒಳ್ಳೆಯವರು, ಆದರೆ ಕೈಯಲ್ಲಿ ಕಾಸು ನಿಲ್ಲದು, ಕಾಲು ಒಂದೂರಿನಲ್ಲಿ ನಿಲ್ಲದು. 1895ರಲ್ಲಿ ಅವರು ಮುಂಬೈಯಲ್ಲಿ ಕ್ರೈಸ್ತರಾದರು. ಚಿತ್ಪಾವನ ಬ್ರಾಹ್ಮಣರ ಮನೆಯಲ್ಲಿ ಇದಕ್ಕಿಂತ ದೊಡ್ಡ ಭೂಕಂಪ ಯಾವುದಿದೆ? ಸಣ್ಣ ಮಗನನ್ನು ಕಟ್ಟಿಕೊಂಡು ಈಕೆ ನೆಂಟರ ಮನೆಯಲ್ಲಿ ದಿನ ನೂಕಿದರು. ಆಮೇಲೆ ಗಂಡನಿದ್ದ ಕಡೆಗೆ ಬಂದರೂ ಅಡುಗೆ ಬೇರೆ, ಮಡಿ ಬೇರೆ. 1900ರಲ್ಲಿ ತಾವೂ ಕ್ರೈಸ್ತರಾದರು, ಗಂಡ ಹೇಳಿದರೆಂದಲ್ಲ, ತಮ್ಮದೇ ತಲೆಯಲ್ಲಿ ಜಾತಿಯ ಲೆಕ್ಕ ತಪ್ಪಿದ ಮೇಲೆ.

ಇಷ್ಟನ್ನೂ ಆಕೆ ಅಜ್ಜಿ ಕಥೆ ಹೇಳುವ ಸಲೀಸಿನಲ್ಲಿ, ಗಂಡನನ್ನೂ ತನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನಗುತ್ತ ಹೇಳುತ್ತಾರೆ. ಇಬ್ಬರೂ ಮುಂಗೋಪಿಗಳು, ಇಬ್ಬರಿಗೂ ಮಾತು ಬಿಡುವುದು ಗೊತ್ತಿತ್ತು, ಇಬ್ಬರಿಗೂ ಅದನ್ನು ಬಹಳ ಹೊತ್ತು ನಿಭಾಯಿಸಲು ಬರುತ್ತಿರಲಿಲ್ಲ. ಸೊಸೆಮುದ್ದು ಅವರ ಪ್ರಶ್ನೆಗೆ ಇಲ್ಲಿ ಉತ್ತರ ಸಿಗಬಹುದು. ಪೆನ್ನು ಅವರ ಕೈಯಲ್ಲಿದೆ, ಗಂಡ 1919ರಲ್ಲೇ ತೀರಿಹೋಗಿದ್ದಾರೆ, ಸೇಡು ತೀರಿಸಿಕೊಳ್ಳಲು ಅಡ್ಡಿಯೇ ಇಲ್ಲ. ಆದರೂ ತೀರಿಸಿಕೊಳ್ಳುವುದಿಲ್ಲ. ಹಾಗೆಂದು ಮುಚ್ಚಿಯೂ ಇಡುವುದಿಲ್ಲ. 1936ರಲ್ಲಿ ಆಕೆ ತೀರಿಕೊಂಡಾಗ ಬರವಣಿಗೆ ಮುಗಿದಿರಲಿಲ್ಲ. ಕೊನೆಯ ಭಾಗವನ್ನು ಮಗ ದೇವದತ್ತ ಪೂರ್ತಿ ಮಾಡಿದರು. ಅಲ್ಲಿಗೆ ಬಂದಾಗ ದನಿ ಬದಲಾದದ್ದು ಯಾರಿಗಾದರೂ ತಿಳಿಯುತ್ತದೆ.

ಸೊಸೆಮುದ್ದು

ಭೀಮಾತೀರ ಅವರೇ, ಪುಸ್ತಕ ತರಿಸುತ್ತಿದ್ದೇನೆ. ಕಾಳು ತೊಳೆಯುವ ವಿಷಯ ಓದಿಯೇ ನನ್ನ ಅಜ್ಜಿಯ ಮನೆ ಕಣ್ಣಮುಂದೆ ಬಂತು.

ಪರದೇಶಿ

ನಾನು ಎಡಿನ್‌ಬರೋದಲ್ಲಿದ್ದೇನೆ. ಇಲ್ಲಿಯವರಿಗೆ ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಆರು ಜನ ಜೆರಾಲ್ಡ್ ಡರೆಲ್ ಅವರ 'ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್' ಎನ್ನುತ್ತಾರೆ. 1956ರಲ್ಲಿ ಬಂತು. ವಿಧವೆ ತಾಯಿ ನಾಲ್ಕು ಮಕ್ಕಳನ್ನು ಕರೆದುಕೊಂಡು 1935ರಲ್ಲಿ ಇಂಗ್ಲೆಂಡಿನಿಂದ ಗ್ರೀಸಿನ ಕಾರ್ಫು ದ್ವೀಪಕ್ಕೆ ಹೋಗಿ ನೆಲೆಸಿದ ಕಥೆ. ಬೆಂಕಿಪೊಟ್ಟಣದಿಂದ ಊಟದ ಮೇಜಿನ ಮೇಲೆ ಮರಿಗಳ ಸಮೇತ ಇಳಿದು ಬರುವ ಚೇಳಿನ ಪ್ರಸಂಗ ಓದಿ ನಗದವರು ವೈದ್ಯರಿಗೆ ತೋರಿಸಿಕೊಳ್ಳಬೇಕು.

ನಮಗೂ ಅದಕ್ಕೂ ಒಂದು ನಂಟಿದೆ. ಜೆರಾಲ್ಡ್ ಹುಟ್ಟಿದ್ದು 1925ರಲ್ಲಿ ಜಮ್‌ಶೆಡ್‌ಪುರದಲ್ಲಿ. ತಾಯಿ ಲೂಯಿಸಾ ಹುಟ್ಟಿದ್ದೂ ಭಾರತದಲ್ಲೇ. ಎಂಜಿನಿಯರ್ ಗಂಡ 1928ರಲ್ಲಿ ಅಲ್ಲೇ ತೀರಿಕೊಂಡ ಮೇಲೆ, ಆಕೆ ತನ್ನದಲ್ಲದ ಇಂಗ್ಲೆಂಡಿಗೆ 'ಮರಳಿದರು'. ಅಂದರೆ ಕಾರ್ಫುವಿನ ಬಿಸಿಲಿನ ಹಿಂದೆ ಮನೆ ಕಳೆದುಕೊಂಡ ಹೆಂಗಸೊಬ್ಬಳಿದ್ದಾಳೆ. ಪುಸ್ತಕದಲ್ಲಿ ಆ ದುಃಖಕ್ಕೆ ಹೆಚ್ಚು ಜಾಗವಿಲ್ಲ. ಇನ್ನೂ ಒಂದು ವಿಷಯ: ಪುಸ್ತಕದಲ್ಲಿ ದೊಡ್ಡಣ್ಣ ಲ್ಯಾರಿ ಮನೆಯಲ್ಲೇ ಇದ್ದು ಎಲ್ಲರ ತಲೆ ತಿನ್ನುತ್ತಾನೆ. ನಿಜದಲ್ಲಿ ಆತನಿಗೆ ನ್ಯಾನ್ಸಿ ಎಂಬ ಹೆಂಡತಿಯಿದ್ದಳು, ಅವರ ವಾಸ ಬಹುಪಾಲು ಬೇರೆಯೇ ಮನೆಯಲ್ಲಿ. ನ್ಯಾನ್ಸಿ ಪುಸ್ತಕದಲ್ಲೇ ಇಲ್ಲ. ತಮಾಷೆ ಚೆನ್ನಾಗಿ ಕೂರಬೇಕೆಂದು ಒಬ್ಬ ಅತ್ತಿಗೆಯನ್ನೇ ತೆಗೆದುಹಾಕಿದ್ದಾರೆ.

ಸೊಸೆಮುದ್ದು

ನೋಡಿ! ನಾನು ಹೇಳಿದ್ದೇನು?

ತುಂಗಾತೀರ

ಆದರೂ ಪುಸ್ತಕ ಚೆನ್ನಾಗಿದೆ ತಾನೇ? ನ್ಯಾನ್ಸಿ ಇಲ್ಲವೆಂದು ಚೇಳಿನ ಪ್ರಸಂಗ ಕೆಡುತ್ತದೆಯೇ? ಆತ್ಮಕಥೆಯನ್ನು ಪಂಚನಾಮೆಯಂತೆ ಓದತೊಡಗಿದರೆ ಯಾವುದೂ ಉಳಿಯುವುದಿಲ್ಲ.

ಸೊಸೆಮುದ್ದು

ಪ್ರಸಂಗ ಕೆಡುವುದಿಲ್ಲ, ನಾನೂ ನಕ್ಕಿದ್ದೇನೆ. ಆದರೆ ಒಮ್ಮೆ ತಿಳಿದ ಮೇಲೆ, ಊಟದ ಮೇಜಿನ ಸುತ್ತ ಕುಳಿತವರನ್ನು ಎಣಿಸದೆ ಓದಲು ನನ್ನಿಂದಾಗದು.

ಔಷಧಿ ಚೀಟಿ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಬಿ. ವಿ. ಭಾರತಿಯವರ 'ಸಾಸಿವೆ ತಂದವಳು' ಯಾರೂ ಹೇಳಲಿಲ್ಲವಲ್ಲ? ತಮಗೆ ಬಂದ ಕ್ಯಾನ್ಸರಿನ ಕಥೆಯನ್ನು ಅವರೇ ಬರೆದದ್ದು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಬುದ್ಧ ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯ ತಾಯಿ ಬರಿಗೈಯಲ್ಲಿ ಮರಳುತ್ತಾಳೆ, ಇವರು ತಂದೇ ಬಿಟ್ಟರು.

ನಮ್ಮ ವಾರ್ಡಿನಲ್ಲಿ ನೋಡಿದ್ದೇನೆ, ರೋಗಿಗಿಂತ ನೋಡಲು ಬಂದವರು ಹೆಚ್ಚು ಅಳುತ್ತಾರೆ. ರೋಗಿಯೇ ಎದ್ದು ಕುಳಿತು ಅವರಿಗೆ ನೀರು ಕೊಡಬೇಕಾಗುತ್ತದೆ. 'ನಮ್ಮ ಚಿಕ್ಕಮ್ಮನ ಬೀಗರಿಗೂ ಇದೇ ಆಗಿತ್ತು, ಪಾಪ ಹೋಗಿಬಿಟ್ಟರು' ಎಂದು ಸಮಾಧಾನ ಹೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ತಲೆಕೂದಲು ಉದುರಿದವರು ತಮ್ಮತಮ್ಮಲ್ಲೇ ಆಡಿಕೊಳ್ಳುವ ತಮಾಷೆಗಳನ್ನು ನಾನು ಇಲ್ಲಿ ಬರೆದರೆ ನೀವು ನನಗೆ ಕರುಣೆಯಿಲ್ಲ ಎನ್ನುತ್ತೀರಿ. ಆ ನಗು ಹೊರಗಿನವರಿಗೆ ಅಲ್ಲ. ಭಾರತಿಯವರು ಬಾಗಿಲು ಸ್ವಲ್ಪ ತೆರೆದು ನಮ್ಮನ್ನೂ ಒಳಗೆ ಬಿಟ್ಟರು, ಅದು ದೊಡ್ಡದು.

ಎಲ್ಲರೂ ನಗಲೇಬೇಕೆಂಬ ಕಟ್ಟಳೆಯೂ ಬೇಡ. ಡಾ. ವಿಜಯಾ ಅವರ 'ಕುದಿ ಎಸರು', 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತಲ್ಲ, ಅದನ್ನು ಓದಿ ಯಾರೋ 'ಸ್ವಲ್ಪ ಹಾಸ್ಯ ಬೆರೆಸಬಹುದಿತ್ತು' ಎಂದರು. ಆ ಮದುವೆಯಲ್ಲಿ ಅವರು ಪಟ್ಟ ಪಾಡಿಗೆ ಯಾವ ಹಾಸ್ಯ ಬೆರೆಸಬೇಕಿತ್ತು?

ವೆನಿಲಾ ಸಂತ್ರಸ್ತ

ಬಹಳ ದಿನಗಳಿಂದ ಓದುತ್ತಿದ್ದೆ, ಮೊದಲ ಸಲ ಬರೆಯುತ್ತಿದ್ದೇನೆ. ಪುಸ್ತಕ ಸೂಚಿಸಲು ಅಲ್ಲ, ಸಲಹೆ ಕೇಳಲು.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. 2000ದಲ್ಲಿ ಮಡಗಾಸ್ಕರದಲ್ಲಿ ಚಂಡಮಾರುತ ಬಂದು ಅಲ್ಲಿನ ವೆನಿಲಾ ಹಾಳಾಯಿತು. ಆ ಗಾಳಿ ನಮ್ಮ ಅಪ್ಪಯ್ಯನ ತಲೆಗೆ ಬಡಿದದ್ದು ಎರಡು ವರ್ಷ ತಡವಾಗಿ. ಹಸಿ ಕೋಡಿಗೆ ಕಿಲೋ ಲೆಕ್ಕದಲ್ಲಿ ಸಾವಿರಗಟ್ಟಲೆ ರೂಪಾಯಿ ಸಿಗುತ್ತಿದ್ದ ಕಾಲ. ಪುತ್ತೂರು, ಸುಳ್ಯ, ಶಿರಸಿ, ಸಾಗರ, ಎಲ್ಲ ಕಡೆಯೂ ಜನ ಬಳ್ಳಿ ನೆಟ್ಟರು. ಅಪ್ಪಯ್ಯ ಸಹಕಾರಿ ಸಂಘದಲ್ಲಿ ಸಾಲ ತೆಗೆದು ನೆಟ್ಟರು. ವೆನಿಲಾ ಹೂವಿನ ಸಂಕಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಅರಳುವುದು ಒಂದು ಬೆಳಗು ಮಾತ್ರ. ನಮ್ಮ ಕಡೆಯ ಜೇನು ಅದರ ಕೆಲಸ ಮಾಡಿಕೊಡುವುದಿಲ್ಲ. ಮಧ್ಯಾಹ್ನದೊಳಗೆ ಮನುಷ್ಯರೇ ಕೈಯಲ್ಲಿ ಚೂಪಾದ ಕಡ್ಡಿ ಹಿಡಿದು, ಹೂವಿನ ಒಳಗಿನ ತೆಳುವಾದ ಪರದೆ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಒಂದೊಂದು ಹೂವಿಗೂ. ಮನೆಮಂದಿಯೆಲ್ಲ ಹಲ್ಲುಜ್ಜುವ ಮೊದಲೇ ತೋಟದಲ್ಲಿ. ಅಪ್ಪಯ್ಯ ಇದಕ್ಕೆ 'ಮದುವೆ ಮಾಡಿಸುವುದು' ಎನ್ನುತ್ತಿದ್ದರು.

ಆಗ ಮನೆಯಲ್ಲಿ ನಿಜವಾದ ಮದುವೆ ಒಂದು ಬಾಕಿಯಿತ್ತು, ನಮ್ಮ ಅತ್ತೆಯದು, ಅಂದರೆ ಅಪ್ಪಯ್ಯನ ತಂಗಿಯದು. 'ಈ ಬೆಳೆ ಬರಲಿ, ಊರೇ ನೋಡುವಂತೆ ಮಾಡೋಣ' ಎಂದು ಮುಂದೂಡಿದರು. ಅತ್ತೆ ದಿನಕ್ಕೆ ನೂರಾರು ಹೂವುಗಳ ಮದುವೆ ಮಾಡಿಸುತ್ತಿದ್ದಳು. ರಾತ್ರಿ ಕಳ್ಳರ ಕಾಟ. ಅಪ್ಪಯ್ಯ ಟಾರ್ಚು, ಕತ್ತಿ, ಕಂಬಳಿಯೊಂದಿಗೆ ತೋಟದಲ್ಲೇ ಮಲಗುತ್ತಿದ್ದರು. ಒಂದು ರಾತ್ರಿ ಕಳ್ಳನೆಂದು ಹಿಡಿದದ್ದು ಸಂಘದ ಕಾರ್ಯದರ್ಶಿಯನ್ನು. ಅವರು ತಮ್ಮ ತೋಟ ಕಾಯಲು ಬಂದು ಕತ್ತಲಲ್ಲಿ ನಮ್ಮ ಬೇಲಿ ದಾಟಿದ್ದರು. 2005ರ ಹೊತ್ತಿಗೆ ಬೆಲೆ ನೂರರ ಕೆಳಗೆ ಬಂತು, ಕೊಳ್ಳುವವರೂ ಮಾಯವಾದರು. ಆಯಿ, ಅಂದರೆ ಅಮ್ಮ, ಒಂದು ವರ್ಷ ಪಾಯಸಕ್ಕೆಲ್ಲ ವೆನಿಲಾ ಹಾಕಿದಳು. ಈಗಲೂ ಐಸ್‌ಕ್ರೀಮ್ ಅಂಗಡಿಯಲ್ಲಿ ನಮ್ಮ ಮನೆಯವರು ಕೇಳುವುದು ಪಿಸ್ತಾ.

ಇದನ್ನು ಬರೆಯಬೇಕೆಂದಿದ್ದೇನೆ. ನಲವತ್ತು ಪುಟವಾಗಿದೆ. ಓದಿದ ಗೆಳೆಯರು ನಗುತ್ತಾರೆ. ಆದರೆ ಅಪ್ಪಯ್ಯ ಇದ್ದಾರೆ, ಅತ್ತೆ ಇದ್ದಾಳೆ. ಸೊಸೆಮುದ್ದು ಅವರ ಮಾತು ಓದಿದ ಮೇಲೆ ಅತ್ತೆಯ ಭಾಗಕ್ಕೆ ಬಂದು ಕೈ ನಿಂತಿದೆ. ಏನು ಮಾಡಲಿ?

ಹಳೇ ಪೋಸ್ಟ್‌ಮಾಸ್ತರ

ಕಾರ್ಯದರ್ಶಿಯ ಪ್ರಸಂಗ ಬಿಡಬೇಡಿ. ಆದರೆ ಸಂಘದ ಹೆಸರು, ಊರಿನ ಹೆಸರು ಬದಲಿಸಿ. ಸಾಲ ತೀರಿದೆ ತಾನೇ?

ಕೇರಿಯ ಹುಡುಗ

ಅಪ್ಪನಿಗೆ ಓದಿ ಹೇಳಿ, ಕೈಗೆ ಕೊಟ್ಟು ಓದಿಸಬೇಡಿ. ಓದಿ ಹೇಳುವಾಗ ನಿಮ್ಮ ದನಿಯೇ ತಿಳಿಸುತ್ತದೆ, ಎಲ್ಲಿ ಅವರನ್ನು ಆಡಿಕೊಂಡಿದ್ದೀರಿ, ಎಲ್ಲಿ ಅವರ ಜೊತೆ ನಿಂತು ನಕ್ಕಿದ್ದೀರಿ ಎಂದು. ಗಂಟಲಿಗೆ ಬಾರದ ಸಾಲುಗಳನ್ನು ಹೊಡೆದುಹಾಕಿ.

ತುಂಗಾತೀರ

ನನ್ನ ಸಲಹೆ ಉಲ್ಟಾ. ಮೊದಲು ಪೂರ್ತಿ ಬರೆಯಿರಿ, ಆಮೇಲೆ ಯಾರಿಗೆ ತೋರಿಸಬೇಕೆಂದು ಯೋಚಿಸಿ. ಅರ್ಧಕ್ಕೇ ಮನೆಯವರಿಗೆ ತೋರಿಸಿದ ಆತ್ಮಕಥೆಗಳೇ ಸನ್ಮಾನಗಳ ಪಟ್ಟಿಯಾಗುವುದು.

ಸೊಸೆಮುದ್ದು

ಸಂತ್ರಸ್ತ ಅವರೇ, ನಿಮ್ಮ ಕೈ ನಿಂತದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಪಾಪಪ್ರಜ್ಞೆ. ಬರೆಯಬೇಡಿ ಎಂದು ನಾನು ಹೇಳಿರಲಿಲ್ಲ. ಹೂವುಗಳ ಮದುವೆ ಮಾಡಿಸುತ್ತ ಮದುವೆಯಾಗದೆ ಉಳಿದ ಅತ್ತೆ ಎಂಬುದು ನಿಮ್ಮ ಗೆಳೆಯರಿಗೆ ಒಳ್ಳೆಯ ತಮಾಷೆ, ಗೊತ್ತು. ಅವಳಿಗೂ ತಮಾಷೆಯಾಗಿರಬಹುದು, ಆಗಿಲ್ಲದಿರಬಹುದು. ನಾವು ಇಲ್ಲಿ ಕುಳಿತು ಊಹಿಸುವುದೇಕೆ? ಕೇಳಿ.

ವೆನಿಲಾ ಸಂತ್ರಸ್ತ

ಎಲ್ಲರಿಗೂ ಧನ್ಯವಾದ. ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅತ್ತೆಯೂ ಬಂದಿದ್ದಳು. ಊಟವಾದ ಮೇಲೆ ಜಗುಲಿಯಲ್ಲಿ ಓದಿದೆ.

ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು, ನಿದ್ರೆ ಬಂತೆಂದುಕೊಂಡೆ. ಮುಗಿದಾಗ ಎದ್ದು ಕುಳಿತು ಎರಡು ತಕರಾರು ಎತ್ತಿದರು. ಒಂದು, ಸಾಲದ ಮೊತ್ತ ನಾನು ಬರೆದದ್ದಕ್ಕಿಂತ ಹೆಚ್ಚು, ಮಾಡಿದ ಸಾಲವನ್ನು ಕಡಿಮೆ ತೋರಿಸುವುದು ಅವಮಾನ. ಎರಡು, ಆ ರಾತ್ರಿ ಕಾರ್ಯದರ್ಶಿ ನಮ್ಮ ಬೇಲಿ ದಾಟಿದ್ದಲ್ಲ, ಇವರೇ ಅವರ ಬೇಲಿ ದಾಟಿದ್ದು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಯಿ ಒಳಗಿನಿಂದ 'ನನಗೆ ಗೊತ್ತಿತ್ತು' ಎಂದಳು.

ಅತ್ತೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಹೂವಿನ ಭಾಗ ಸರಿಯಾಗಿದೆ, ಮದುವೆಯ ಭಾಗ ಪೂರ್ತಿ ತಪ್ಪು ಎಂದಳು. ಮುಂದೂಡಿದ್ದು ಅಪ್ಪಯ್ಯನಲ್ಲವಂತೆ. ಆ ವರ್ಷ ಬಂದ ಹುಡುಗ ಇವಳಿಗೆ ಇಷ್ಟವಿರಲಿಲ್ಲ, 'ಬೆಳೆ ಬರಲಿ' ಎಂಬ ಮಾತನ್ನು ಅಪ್ಪಯ್ಯನ ಬಾಯಲ್ಲಿ ಇಟ್ಟವಳೇ ಇವಳು. ಅಪ್ಪಯ್ಯ ಅವಳ ಮುಖ ನೋಡುತ್ತಲೇ ಉಳಿದರು. ಆ ಅಧ್ಯಾಯ ನೀನು ಬರೆಯಬೇಡ, ನಾನೇ ಬರೆಯುತ್ತೇನೆ ಎಂದು ನೋಟ್‌ಬುಕ್ ಕೇಳಿದಳು. ಮನೆಯಲ್ಲಿದ್ದ ನೂರು ಪುಟದ್ದು ಕೊಟ್ಟೆ. ಇನ್ನೂರು ಪುಟದ್ದು ಬೇಕಂತೆ.

ಸೊಸೆಮುದ್ದು

ಇನ್ನೂರು ಪುಟದ್ದು ಎರಡು ತೆಗೆದುಕೊಡಿ. ಒಂದು ಆಯಿಗೆ.

ಹಳೇ ಪೋಸ್ಟ್‌ಮಾಸ್ತರ

ಅತ್ತೆಯ ಪುಸ್ತಕ ಅಚ್ಚಾದರೆ ನನಗೊಂದು ಪ್ರತಿ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಸಾದಾ ಅಂಚೆಯ ಮೇಲೆ ನನಗೆ ನಂಬಿಕೆಯಿಲ್ಲ. ಆ ಇಲಾಖೆಯನ್ನು ಒಳಗಿನಿಂದ ಬಲ್ಲವನು ನಾನು.